ಸತ್ತ ಮೇಲೆ ಯಾಕೆ ಸತ್ತರು ಅಂತ ಕೇಳಿ ಏನಾಗಬೇಕು?

ಮದುವೆ ಮನೆ, ಗೃಹಪ್ರವೇಶ, ಬಸ್ಸು, ಎಲ್ಲಿ ಹೋದರೂ ಇದೇ ಪ್ರಶ್ನೆ. ಮೊದಲು ಏನು ಕೆಲಸ ಮಾಡ್ತಿದ್ದೆ ಅಂತ ಕೇಳುತ್ತಾರೆ. ಸಾವಾದ ಮನೆಗಳಿಗೆ ಹೋಗಿ, ಹೋದವರಿಗೆ ಕೊನೆಯ ದಿನಗಳಲ್ಲಿ ಏನೇನಾಯಿತು ಅಂತ ಮನೆಯವರಿಂದ ಕೇಳಿ ಬರೆದುಕೊಳ್ಳುವ ಕೆಲಸ ಅಂತ ಹೇಳುತ್ತೇನೆ. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಬರುತ್ತದೆ: "ಸತ್ತ ಮೇಲೆ ಯಾಕೆ ಸತ್ತರು ಅಂತ ಕೇಳಿ ಏನಾಗಬೇಕು? ಹೋದವರು ವಾಪಸ್ ಬರ್ತಾರಾ?"

ಬರಲ್ಲ. ಅದು ನನಗೂ ಗೊತ್ತು. ನಮ್ಮಪ್ಪನೂ ಹೋಗಿದ್ದಾರೆ.

ಪ್ರಶ್ನೆಯ ಮೊದಲ ಅರ್ಧಕ್ಕೆ ನನಗೆ ಬೇಜಾರಿಲ್ಲ. ಸಿಟ್ಟು ಬರೋದು ಎರಡನೇ ಅರ್ಧಕ್ಕೆ. ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸುತ್ತಾರೆ: "ಪಾಪ, ಗಾಯದ ಮೇಲೆ ಬರೆ ಎಳೆದ ಹಾಗಲ್ವಾ?" ಹೀಗೆ ಹೇಳುವವರಲ್ಲಿ ಎಷ್ಟೋ ಜನ ತಿಥಿ ಊಟ ಮುಗಿಸಿ ಕೈ ತೊಳೆದ ಮೇಲೆ ಆ ಮನೆ ಕಡೆ ತಲೆ ಹಾಕಿರಲ್ಲ. ನಾನು ಹೋಗುತ್ತಿದ್ದದ್ದು ಆರು ತಿಂಗಳೋ ವರ್ಷವೋ ಕಳೆದ ಮೇಲೆ. ಆ ಹೊತ್ತಿಗೆ ಆ ಮನೆಯಲ್ಲಿ ಸತ್ತವರ ಹೆಸರು ಎತ್ತುವವರೇ ಇರುವುದಿಲ್ಲ. ಬೇಡ ಅಂದವರ ಮನೆಯಿಂದ ನಾನು ಎದ್ದು ಬಂದಿದ್ದೇನೆ. ಆದರೆ ಬೇಡ ಅಂದವರು ಬಹಳ ಕಡಿಮೆ. ಜಾಸ್ತಿ ಜನ ಚಾಪೆ ಹಾಸಿ, ಟೀ ಕೊಟ್ಟು, ಗಂಟೆಗಟ್ಟಲೆ ಮಾತಾಡಿದ್ದಾರೆ.

ಇನ್ನು ಏನಾಗಬೇಕು ಅನ್ನೋದಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಸಾವು ಸಂಭವಿಸಿದ 21 ದಿನದೊಳಗೆ ನೋಂದಣಿ ಮಾಡಿಸಬೇಕು. 1969ರ ಕಾಯ್ದೆ ಇದೆ. ನೋಂದಣಿ ಮಾಡಿಸುತ್ತಾರೆ ಕೂಡ, ಪಿಂಚಣಿಗೆ, ಪಹಣಿ ಬದಲಾಯಿಸೋಕೆ ಅದು ಬೇಕೇ ಬೇಕು. ಆದರೆ ಸತ್ತದ್ದು ಯಾವುದರಿಂದ ಅಂತ ವೈದ್ಯರು ನೋಡಿ ಬರೆದುಕೊಟ್ಟದ್ದು ಎಷ್ಟು? 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಶೇ. 22.5 ಮಾತ್ರ. ಉಳಿದದ್ದು ಮನೆಯವರು ಹೇಳಿದ್ದು. ವಯಸ್ಸಾಗಿತ್ತು, ಜ್ವರ ಬಂದಿತ್ತು, ಹಾರ್ಟು ನಿಂತುಹೋಯಿತು. ಹಾರ್ಟು ಎಲ್ಲರದ್ದೂ ನಿಲ್ಲುತ್ತದೆ. ಯಾಕೆ ನಿಂತಿತು ಅನ್ನೋದು ತಾನೆ ಬೇಕಾಗಿರೋದು?

ಅದಕ್ಕೇ ಮನೆಮನೆಗೆ ಹೋಗಿ ಕೇಳುವ ಪದ್ಧತಿ. ವರ್ಬಲ್ ಅಟಾಪ್ಸಿ ಅನ್ನುತ್ತಾರೆ. ಹೌದು, ಇಲ್ಲ ಎಂದು ಗುರುತು ಹಾಕುವ ಪ್ರಶ್ನೆಗಳು ಬೇಕಾದಷ್ಟಿರುತ್ತವೆ. ಕೊನೆಯಲ್ಲಿ ಒಂದಷ್ಟು ಖಾಲಿ ಜಾಗ. ಅಲ್ಲಿ ಮನೆಯವರ ಮಾತನ್ನು ಅವರ ಭಾಷೆಯಲ್ಲೇ ಬರೆಯಬೇಕು. ಆಮೇಲೆ ಇಬ್ಬರು ವೈದ್ಯರು ಅದನ್ನು ಬೇರೆ ಬೇರೆಯಾಗಿ ಓದಿ ಕಾರಣ ಹೇಳುತ್ತಾರೆ. ಇಬ್ಬರ ಅಭಿಪ್ರಾಯ ಕೂಡದಿದ್ದರೆ ಮೂರನೆಯವರು ನೋಡುತ್ತಾರೆ.

ಹೀಗೆ ಕೇಳಿದ್ದರಿಂದ ಏನು ಗೊತ್ತಾಯಿತು ಅಂತ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಸರ್ಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ಹಾವು ಕಚ್ಚಿ ಸತ್ತವರು ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಒಂದೆರಡು ಸಾವಿರ ದಾಟುತ್ತಿರಲಿಲ್ಲ. ಮನೆಗಳಲ್ಲಿ ಕೂತು ಕೇಳಿದಾಗ ಸಿಕ್ಕಿದ ಲೆಕ್ಕ ವರ್ಷಕ್ಕೆ ಸುಮಾರು 58,000. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ. ಕಾಲು ಭಾಗಕ್ಕಿಂತ ಜಾಸ್ತಿ 15 ವರ್ಷದೊಳಗಿನ ಮಕ್ಕಳು. ಇವರಲ್ಲಿ ಹೆಚ್ಚಿನವರು ಆಸ್ಪತ್ರೆ ಮೆಟ್ಟಿಲು ಹತ್ತದೆ, ಹೊಲದಲ್ಲಿ, ಮನೆಯಲ್ಲಿ, ದಾರಿಯಲ್ಲಿ ಹೋಗಿಬಿಟ್ಟಿದ್ದರು. ಲೆಕ್ಕಕ್ಕೇ ಇಲ್ಲದವರಿಗೆ ಔಷಧಿ ಎಲ್ಲಿಂದ ತರಿಸಿಡುತ್ತಾರೆ? ನಮ್ಮ ಕರ್ನಾಟಕ 2024ರ ಫೆಬ್ರವರಿಯಲ್ಲಿ, ದೇಶದಲ್ಲೇ ಮೊದಲು, ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಈ ಸುದ್ದಿ ಓದಿದ ದಿನ ನನಗೆ ಮಾಗಡಿ ಕಡೆಯ ಒಂದು ಮನೆ ನೆನಪಾಯಿತು.

ಅಲ್ಲಿ ಸತ್ತವನಿಗೆ ಮೂವತ್ನಾಲ್ಕು. ಕಾಗದದಲ್ಲಿ ಹೃದಯಾಘಾತ ಅಂತಿತ್ತು. ಅವನ ತಾಯಿ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮುಂಗಾರು ಶುರುವಾದ ಹೊಸತು, ಸೆಕೆ ಅಂತ ಮಗ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದ್ದನಂತೆ. ಪಕ್ಕದಲ್ಲೇ ರಾಗಿ ಮೂಟೆಗಳು. ನಡುರಾತ್ರಿ ಕಳೆದ ಮೇಲೆ ಹೊಟ್ಟೆನೋವು ಅಂತ ಎದ್ದ. ಗ್ಯಾಸು ಇರಬೇಕು ಅಂತ ಜೀರಿಗೆ ನೀರು ಕೊಟ್ಟರು. ಮತ್ತೆ ಮಲಗಿದ. ಬೆಳಗಿನ ಜಾವ ಕರೆದರೆ ಮಾತು ತೊದಲುತ್ತಿತ್ತು.

"ಕಣ್ ಬಿಡ್ಲಾ ಅಂದ್ರೆ ಬಿಡ್ತಿರ್ಲಿಲ್ಲ ಕಣವ್ವ. ನಿದ್ದೆ ಗುಂಗು ಅನ್ಕಂಡೆ" ಅಂದರು. ಹೇಗಿತ್ತಮ್ಮ ಕಣ್ಣು ಅಂತ ಕೇಳಿದೆ. ಮೊರ ಪಕ್ಕಕ್ಕಿಟ್ಟರು. ಎರಡೂ ಹೆಬ್ಬೆರಳಿನಿಂದ ತಮ್ಮ ರೆಪ್ಪೆಗಳನ್ನು ಮೇಲಕ್ಕೆತ್ತಿ ಹಿಡಿದರು. "ಹಿಂಗೆ ಎತ್ತಿ ಹಿಡ್ದೆ. ನನ್ನೇ ನೋಡ್ತಿದ್ದ. ಬಿಟ್ರೆ ಮುಚ್ಕಳದು." ಹೆಬ್ಬೆರಳಿಗೆಲ್ಲ ಅವರೆ ಸೊಗಡು ಹತ್ತಿತ್ತು. ಆಸ್ಪತ್ರೆ ಬಾಗಿಲಿಗೆ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಕೊಯ್ಯೋದು ಬೇಡ ಅಂತ ಮನೆಯವರು ವಾಪಸ್ ತಂದರು.

ನಾನು ಡಾಕ್ಟರಲ್ಲ. ಆದರೆ ಈ ಮಾತನ್ನು ಆಗಲೇ ಮೂರು ನಾಲ್ಕು ಮನೆಗಳಲ್ಲಿ ಕೇಳಿದ್ದೆ. ಕಟ್ಟುಹಾವು ಕಚ್ಚೋದು ಹಾಗೇ. ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ಬಾವು ಬರಲ್ಲ, ಕಚ್ಚಿದ ಗುರುತೂ ಸರಿಯಾಗಿ ಕಾಣಲ್ಲ. ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳೋದು, ಮಾತು ನಿಲ್ಲೋದು, ಕೊನೆಗೆ ಉಸಿರು. ಬೇಗ ಆಸ್ಪತ್ರೆಗೆ ಹೋಗಿ ಔಷಧಿ ಬಿದ್ದು, ಉಸಿರಾಟಕ್ಕೆ ಆಸರೆ ಸಿಕ್ಕರೆ ಬದುಕುತ್ತಾರೆ. ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ ಇದ್ದರೆ ಎಷ್ಟೋ ಸಲ ಹಾವು ಹತ್ತಿರವೇ ಬರಲ್ಲ.

ಯಾಕೆ ಸತ್ತರು ಅಂತ ಬರೆದಿಡೋದು ಪರದೇಶದವರ ಚಾಳಿ ಅಂತ ನೆಂಟರೊಬ್ಬರು ಹೇಳಿದರು. ಈ ಮಾತಂತೂ ನಾನು ಒಪ್ಪಲ್ಲ. ನಮ್ಮ ಊರೂರಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಅಂಕಣದಲ್ಲಿ ಆತ ಹೇಗೆ ಸತ್ತ ಅನ್ನೋದು. ತುರುಗಳನ್ನು ಬಿಡಿಸಲು ಹೋಗಿಯೋ, ಹುಲಿಯ ಜೊತೆ ಹೋರಾಡಿಯೋ. ಮಧ್ಯದಲ್ಲಿ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಓದಬೇಕಾದ್ದು ಕೆಳಗಿನಿಂದ. ವೈದ್ಯರು ತುಂಬುವ ಸಾವಿನ ಕಾರಣದ ನಮೂನೆಯಲ್ಲೂ ಮೂಲ ಕಾರಣ ಬರೋದು ಕೆಳಗಿನ ಸಾಲಿನಲ್ಲೇ. ಬೆಂಗಳೂರು ಅನ್ನೋ ಹೆಸರು ಸಿಗುವ ಹಳೆಯ ಶಾಸನ, ಸುಮಾರು 890ರ ಬೇಗೂರಿನ ಕಲ್ಲು, ಏನು ಹೇಳುತ್ತದೆ? ಬೆಂಗುಳೂರ ಕಾಳಗದಲ್ಲಿ ಸತ್ತವರ ಸುದ್ದಿ ಹೇಳುತ್ತದೆ.

ಮದ್ದೂರು ತಾಲೂಕಿನ ಆತಕೂರಿನ ಕಲ್ಲಂತೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸುಮಾರು 950ರದ್ದು. ಕಾಳಿ ಅನ್ನೋ ನಾಯಿಯ ಕಲ್ಲು. ಒಂದು ಕಡೆ ಹಂದಿ, ಒಂದು ಕಡೆ ನಾಯಿ, ಮೈಮೇಲೆ ಬಿದ್ದು ಹೋರಾಡುತ್ತಿವೆ. ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು ಅಂತ ಬರೆದಿದೆ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ನಾಯಿಯ ಪಾಪ ಸುತ್ತಿಕೊಳ್ಳುತ್ತದೆ ಅಂತಲೂ ಇದೆ. ಸಾವಿರ ವರ್ಷದ ಹಿಂದಿನ ಒಂದು ನಾಯಿ ಎಲ್ಲಿ, ಹೇಗೆ ಸತ್ತಿತು ಅಂತ ನಮಗೆ ಗೊತ್ತು. ಆ ತಾಯಿಯ ಮಗನಿಗೆ ಹೃದಯಾಘಾತ ಅಂತ ಬರೆದು ಸುಮ್ಮನಾದೆವು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. "ಆ ತಾಯಿಗೆ ಹೇಳಿದ್ಯಾ?"

ನಾವು ಹೇಳುವ ಹಾಗಿರಲಿಲ್ಲ. ಕೇಳಬೇಕು, ಬರೆಯಬೇಕು, ಕಾರಣ ವೈದ್ಯರು ನೋಡುತ್ತಾರೆ. ಕೊನೆಗೆ ಆ ಕಾರಣ ಅಂಕಿಯಾಗಿ ಲೆಕ್ಕಕ್ಕೆ ಸೇರುತ್ತದೆ, ಮನೆಗೆ ವಾಪಸ್ ಬರಲ್ಲ. ಇದು ನನಗೆ ಆಗಲೂ ಸರಿ ಕಂಡಿರಲಿಲ್ಲ, ಈಗಲೂ ಕಾಣಲ್ಲ. ಅವತ್ತು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಒಳಗೆ ಅದೇ ರಾಗಿ ಮೂಟೆಗಳ ಪಕ್ಕ ಎರಡು ಪುಟ್ಟ ಚಾಪೆ ಸುತ್ತಿಟ್ಟಿದ್ದರು. ಮೊಮ್ಮಕ್ಕಳದ್ದು. ತಡೆಯಲಾಗಲಿಲ್ಲ. "ಅಮ್ಮಾ, ಮಕ್ಕಳನ್ನ ನೆಲದ ಮೇಲೆ ಮಲಗಿಸಬೇಡಿ. ಮಂಚದ ಮೇಲೆ ಮಲಗಿಸಿ, ಪರದೆ ಕಟ್ಟಿ, ಹಾಸಿಗೆ ಕೆಳಗೆ ಚೆನ್ನಾಗಿ ಸಿಕ್ಕಿಸಿ" ಅಂದೆ.

ಯಾಕೆ ಅಂತ ಅವರು ಕೇಳಲಿಲ್ಲ. ನನ್ನ ಮುಖವನ್ನೇ ನೋಡಿದರು.

"ಹತ್ನೇ ದಿನ ಆ ಮೂಟೆ ಸರಿಸ್ದಾಗ ಸಿಕ್ತು ಕಣವ್ವ. ಕರ್ರಗೆ, ಮೈಮೇಲೆ ಬಿಳೀ ಪಟ್ಟೆ. ದೊಡ್ಡ ಮಗ ಹೊಡ್ದು ಸುಟ್ಟ. ನಂಗವತ್ತೇ ಅನ್ನಿಸ್ತು. ನನ್ನ ಯಾರ್ ಕೇಳಿದ್ರು?"

ಮತ್ತೆ ಜಗಲಿ ಮೇಲೆ ಕೂತೆ. ಹಾಳೆಯಲ್ಲಿ ಜಾಗ ಮುಗಿದಿತ್ತು. ಅಂಚಿನಲ್ಲಿ ಅದನ್ನೂ ಅವರ ಮಾತಿನಲ್ಲೇ ಬರೆದುಕೊಂಡೆ: ಕರ್ರಗೆ, ಬಿಳೀ ಪಟ್ಟೆ.