ಸಾಲಿಸಿಟರ್ ಮನೆ ನೋಡೋಕೆ ಬರಲ್ಲ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಿಲ್ಲ. ಹೆಬ್ಬೆಟ್ಟು ಒತ್ತುವುದಿಲ್ಲ, ಸಾಕ್ಷಿಗಳನ್ನು ಕರೆದುಕೊಂಡು ಟೋಕನ್ ಹಿಡಿದು ಕೂರುವುದೂ ಇಲ್ಲ. ಸಾಲಿಸಿಟರ್ ಅನ್ನುವ ವಕೀಲರು ಅಥವಾ ಆಸ್ತಿ ವರ್ಗಾವಣೆಯನ್ನೇ ನೋಡುವ ಲೈಸೆನ್ಸ್ಡ್ ಕನ್ವೇಯನ್ಸರ್ ತಮ್ಮ ಟೇಬಲ್ಲಿನಿಂದಲೇ ಎಲ್ಲ ಮುಗಿಸುತ್ತಾರೆ. ರೆಡಿಂಗಿನಲ್ಲಿ ಮನೆ ತಗೊಂಡಾಗ ನಮ್ಮ ಸಾಲಿಸಿಟರ್ ಮುಖವನ್ನು ನಾವು ನೋಡಲೇ ಇಲ್ಲ. ಆಕೆಯೂ ಆ ಮನೆಯನ್ನು ನೋಡಲಿಲ್ಲ. ನಿಮ್ಮ ಮಗನೋ ಮಗಳೋ ಇಲ್ಲಿ ಮಾರ್ಗೇಜ್ (ಮನೆ ಸಾಲ) ಮಾಡಿ ಮನೆ ತಗೋತಿದ್ದರೆ ಈ ಎರಡನೇ ಮಾತನ್ನು ಅವರ ಕಿವಿಗೆ ಹಾಕಿ.

ಅಪ್ಪ ಫೋನಿನಲ್ಲಿ ಮೊದಲು ಕೇಳಿದ್ದು, "ಇಸಿ ತೆಗೆಸಿದ್ಯೇನೋ?" ಇಲ್ಲಿ ಇಸಿ, ಅಂದರೆ ಋಣಭಾರ ಪತ್ರ, ಬೇಕಾಗುವುದಿಲ್ಲ. ಸರ್ಕಾರದ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ಯಾವ ಜಾಗ, ಯಾರ ಹೆಸರು, ಯಾವ ಸಾಲ, ಎಲ್ಲ ಒಂದೇ ಕಡೆ ಇರುತ್ತದೆ. ಯಾರು ಬೇಕಾದರೂ 7 ಪೌಂಡ್ ಕೊಟ್ಟು ಇಳಿಸಿಕೊಳ್ಳಬಹುದು. ನಮ್ಮ ಕಡೆ ರಿಜಿಸ್ಟರ್ ಆಗುವುದು ಕ್ರಯಪತ್ರ. ಮಾರಿದವನಿಗೆ ಆ ಹಕ್ಕು ಇತ್ತೋ ಇಲ್ಲವೋ ಅನ್ನುವುದಕ್ಕೆ ಸರ್ಕಾರ ಹೊಣೆಯಲ್ಲ. ಅದಕ್ಕೇ ವಕೀಲರು ಮೂಲಪತ್ರದಿಂದ ಹಿಡಿದು 30 ವರ್ಷದ ಕಾಗದ ಕೇಳುತ್ತಾರೆ. ಇಲ್ಲಿ ರಿಜಿಸ್ಟರಿನಲ್ಲಿ ಹೆಸರು ಇರುವವನೇ ಮಾಲೀಕ. ದಾಖಲೆ ತಪ್ಪಾಗಿ ನಷ್ಟವಾದರೆ ರಿಜಿಸ್ಟ್ರಿಯೇ ಪರಿಹಾರ ಕೊಡುತ್ತದೆ. ಹಾಗಾಗಿ ಒಂದೇ ಮನೆಯನ್ನು ಇಬ್ಬರಿಗೆ ಮಾರಿಬಿಟ್ಟರೆ ಅನ್ನುವ ನಮ್ಮೂರಿನ ದೊಡ್ಡ ಭಯ ಇಲ್ಲಿ ಅಷ್ಟಾಗಿ ಇಲ್ಲ.

ಭಯ ಬೇರೆ ಕಡೆ ಇದೆ. ಮಾರುವವನು ಮನೆಯ ಕೊರತೆಗಳನ್ನು ತಾನಾಗಿ ಹೇಳಬೇಕಾದ್ದು ಕಡಿಮೆ, ಕೊಳ್ಳುವವನೇ ಕೇಳಿ ತಿಳಿಯಬೇಕು. ಟಿಎ6 ಅಂತ ಒಂದು ಫಾರಂ ಇದೆ. ಬೇಲಿ ಯಾರದು, ಪಕ್ಕದವರ ಜೊತೆ ಜಗಳ ಇದೆಯಾ, ಏನೇನು ಕಟ್ಟಿಸಿದಿರಿ ಅಂತ ಅದರಲ್ಲಿ ಮಾರುವವರು ಬರೆದುಕೊಡುತ್ತಾರೆ. ಬರೆದದ್ದು ಸುಳ್ಳಾದರೆ ಪರಿಹಾರ ಕೇಳಬಹುದು. ಬಾಯಿಮಾತಿನಲ್ಲಿ ಎಸ್ಟೇಟ್ ಏಜೆಂಟ್ ಹೇಳಿದ್ದನ್ನು ನಂಬಿ ಕೂರಬೇಡಿ. ಇನ್ನು ಬ್ಯಾಂಕಿನವರ ವ್ಯಾಲ್ಯುಯೇಷನ್ ಅವರ ಸಾಲದ ಭದ್ರತೆಗೆ, ನಮ್ಮ ಗೋಡೆಯ ಬಿರುಕಿಗಲ್ಲ. ಅದಕ್ಕೆ ನಾವೇ ಬೇರೆ ಸರ್ವೇ ಮಾಡಿಸಬೇಕು. ಸಾಮಾನ್ಯವಾಗಿ ನಮ್ಮ ಸಾಲಿಸಿಟರೇ ಬ್ಯಾಂಕಿಗೂ ಸಾಲಿಸಿಟರ್ ಆಗಿರುತ್ತಾರೆ. ಸಾಲಕ್ಕೆ ಸಂಬಂಧಪಟ್ಟದ್ದು ಏನಾದರೂ ಕಂಡರೆ ಬ್ಯಾಂಕಿಗೆ ಹೇಳಲೇಬೇಕು.

ನಮ್ಮ ಮನೆಯಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ಒಡೆದು ಒಂದು ಮಾಡಿದ್ದರು. ನೋಡೋಕೆ ಚೆನ್ನಾಗಿತ್ತು. ಆದರೆ ಭಾರ ಹೊರುವ ಗೋಡೆ ತೆಗೆದರೆ ಕಟ್ಟಡದ ನಿಯಮ ಪರಿಶೀಲಿಸುವ ಬಿಲ್ಡಿಂಗ್ ಕಂಟ್ರೋಲ್‌ನವರ ಸರ್ಟಿಫಿಕೇಟ್ ಇರಬೇಕು. ಟೇಬಲ್ ಮುಂದೆ ಕೂತವರಿಗೆ ಗೋಡೆ ಹೋಗಿದ್ದು ಹೇಗೆ ಗೊತ್ತಾಗಬೇಕು? ನಾವು ಫೋಟೋ ಕಳಿಸಿದೆವು, ಆಕೆ ಪ್ರಶ್ನೆ ಕಳಿಸಿದರು. ಉತ್ತರ ಬಂತು: ಹಿಂದಿನ ಮಾಲೀಕರು ಮಾಡಿಸಿದ್ದು, ಕಾಗದ ಇಲ್ಲ, ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸಿ ಕೊಡುತ್ತೇವೆ.

ಕೌನ್ಸಿಲ್ಲಿಗೆ (ನಮ್ಮ ನಗರಸಭೆ ಇದ್ದ ಹಾಗೆ) ಫೋನ್ ಮಾಡಿ ವಿಚಾರಿಸಿಬಿಡೋಣ ಅಂತ ನನ್ನ ಹೆಂಡತಿ ಹೊರಟಳು. ಸಾಲಿಸಿಟರ್ ಕೂಡಲೇ ತಡೆದರು. ಕೌನ್ಸಿಲ್ಲಿಗೆ ಸುಳಿವು ಕೊಟ್ಟರೆ ಇನ್ಶೂರೆನ್ಸ್ ಕಂಪನಿ ಪಾಲಿಸಿ ಕೊಡುವುದಿಲ್ಲ. ಕೊಟ್ಟಿದ್ದರೂ ಅದು ನಿಲ್ಲುವುದಿಲ್ಲ. ವಿಚಿತ್ರ ಅಲ್ವಾ? ಅದೂ ಅಲ್ಲದೆ ಆ ಪಾಲಿಸಿ ಕಾಪಾಡುವುದು ಕೌನ್ಸಿಲ್ ಕ್ರಮ ತಗೊಂಡಾಗ ಬೀಳುವ ಖರ್ಚಿನಿಂದ ಮಾತ್ರ. ತೊಲೆ ಸರಿಯಿಲ್ಲದೆ ಸೂರು ಕೂತರೆ ಅದು ನಮ್ಮ ತಲೆಯ ಮೇಲೇ. ಕಾಗದ ಸರಿಯಾಯಿತು ಅಂತ ಸುಮ್ಮನಾಗದೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ ಸ್ಟೀಲ್ ತೊಲೆ ಪರೀಕ್ಷೆ ಮಾಡಿಸಿದೆವು. ಗಟ್ಟಿಯಾಗಿಯೇ ಇತ್ತು.

ಟೈಟಲ್ ಪ್ಲಾನ್ ಬಂದಾಗಲೂ ಹೀಗೇ. ಅದು ಜಾಗದ ನಕ್ಷೆ, ಅದರಲ್ಲಿ ಗಡಿ ತೋರಿಸುವ ಕೆಂಪು ಗೆರೆ ಇರುತ್ತದೆ. ಅದರ ಪ್ರಿಂಟ್ ಹಿಡಿದು ಹಿತ್ತಲಲ್ಲಿ ಒಂದು ಸುತ್ತು ಬನ್ನಿ. ಶೆಡ್ ಗೆರೆಯ ಒಳಗಿದೆಯಾ, ಕಾರು ನಿಲ್ಲಿಸುವ ಜಾಗ ನಿಜವಾಗಿ ನಮ್ಮದಾ ಅಂತ ನೋಡಿ. ಸಾಲಿಸಿಟರ್ ಕೌನ್ಸಿಲ್ ದಾಖಲೆಗಳಿಂದ ತರಿಸುವ ಲೋಕಲ್ ಸರ್ಚ್ ವರದಿಯಲ್ಲಿ ನಾವು ಕೊಳ್ಳುವ ಮನೆಯ ಪ್ಲಾನಿಂಗ್ ಇತಿಹಾಸ ಸಿಗುತ್ತದೆ, ಪಕ್ಕದ ಮನೆಯದ್ದಲ್ಲ. ಪಕ್ಕದವರು ಮೂರಂತಸ್ತು ಎಬ್ಬಿಸಲು ಅರ್ಜಿ ಹಾಕಿದ್ದಾರಾ ಅನ್ನುವುದನ್ನು ಕೌನ್ಸಿಲ್ ವೆಬ್‌ಸೈಟಿನಲ್ಲಿ ನಾವೇ ಹುಡುಕಬೇಕು.

ಊರಿನಿಂದ ದುಡ್ಡು ಬಂದರೆ ಇನ್ನೊಂದು ಸುತ್ತು. ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಪೂರ್ತಿ ಜಾಡು ತೋರಿಸಬೇಕು. ಅಪ್ಪ ಜಮೀನು ಮಾರಿ ಒಂದಿಷ್ಟು ಕೊಟ್ಟಿದ್ದರು. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೆ ಕನ್ನಡದ ಕ್ರಯಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಕೊಟ್ಟೆವು. ಇದು ಸಾಲವಲ್ಲ, ವಾಪಸ್ ಕೇಳಲ್ಲ, ಮನೆಯಲ್ಲಿ ಪಾಲೂ ಕೇಳಲ್ಲ ಅಂತ ಅಪ್ಪ ಸಹಿ ಹಾಕಬೇಕಾಯಿತು. "ಮಗನಿಗೆ ಕೊಟ್ಟಿದ್ದಕ್ಕೂ ಇವರಿಗೆ ಲೆಕ್ಕ ಒಪ್ಪಿಸ್ಬೇಕಾ?" ಅಂತ ರೇಗಿದರು. ಒಪ್ಪಿಸಬೇಕು. ಬೇಗ ಒಪ್ಪಿಸಿದಷ್ಟೂ ಒಳ್ಳೆಯದು, ಮಾರ್ಗೇಜ್ ಆಫರಿಗೂ ಒಂದು ವಾಯಿದೆ ಇರುತ್ತದೆ.

ಸ್ಟ್ಯಾಂಪ್ ಡ್ಯೂಟಿಯಲ್ಲಿ ಊರಿನ ಆಸ್ತಿ ಹೀಗೆ ಅಡ್ಡ ಬರುತ್ತದೆ ಅಂತ ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ 4 ಲಕ್ಷ ಪೌಂಡಿನ ಮನೆಗೆ ಮೊದಲ ಸಲ ಕೊಳ್ಳುವವರು 5 ಸಾವಿರ ಪೌಂಡ್ ಕಟ್ಟುತ್ತಾರೆ. ಉಳಿದವರಿಗೆ 10 ಸಾವಿರ. ಬೇರೆ ಮನೆ ಇಟ್ಟುಕೊಂಡೇ ಇದನ್ನೂ ಕೊಂಡರೆ ಇಡೀ ಬೆಲೆಯ ಮೇಲೆ ಶೇ. 5 ಸೇರಿ 30 ಸಾವಿರ. ಮೊದಲ ಸಲ ಅಂದರೆ ಪ್ರಪಂಚದಲ್ಲಿ ಎಲ್ಲೂ, ಯಾವತ್ತೂ ಮನೆ ಹೊಂದಿರಬಾರದು. ಹುಬ್ಬಳ್ಳಿಯ ಫ್ಲಾಟೂ ಲೆಕ್ಕಕ್ಕೆ ಬರುತ್ತದೆ, ಅಜ್ಜನಿಂದ ಬಂದ ಮನೆಯೂ ಬರುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರ ಹೆಸರಲ್ಲಿದ್ದರೂ ಆ ಶೇ. 5 ಬೀಳಬಹುದು, ಇಲ್ಲಿಯ ಮನೆಯನ್ನು ಇನ್ನೊಬ್ಬರ ಹೆಸರಲ್ಲೇ ಕೊಂಡರೂ ಅಷ್ಟೇ. ನನ್ನ ಹೆಂಡತಿಯ ಹೆಸರಲ್ಲಿ ಮೈಸೂರಿನಲ್ಲಿ ಸೈಟ್ ಇದೆ. ಖಾಲಿ ಸೈಟು ಮನೆಯಲ್ಲ, ಹಾಗಾಗಿ ಬಚಾವಾದೆವು. ಇಂಥದ್ದನ್ನೆಲ್ಲ ಸಾಲಿಸಿಟರ್ ಕೇಳುವ ಮೊದಲೇ ಹೇಳಿ. ಪಿತ್ರಾರ್ಜಿತದ ಪಾಲು ಇದ್ದರಂತೂ ಟ್ಯಾಕ್ಸ್ ಗೊತ್ತಿರುವವರನ್ನೇ ಕೇಳಿ.

ಆಫರ್ ಒಪ್ಪಿಕೊಂಡರು ಅಂತ ಸಿಹಿ ಹಂಚಬೇಡಿ. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್, ಅಂದರೆ ಸಹಿ ಹಾಕಿದ ಒಪ್ಪಂದಗಳ ವಿನಿಮಯ, ಆಗುವವರೆಗೆ ಇಬ್ಬರೂ ಹಿಂದೆ ಸರಿಯಬಹುದು. ಜಾಸ್ತಿ ಕೊಡುವವನು ಬಂದರೆ ಮಾರುವವನು ಅತ್ತ ವಾಲಿಬಿಡಬಹುದು. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ. 10 ಕಟ್ಟುತ್ತೇವೆ. ಆಮೇಲೆ ಕೈಬಿಟ್ಟರೆ ಆ ದುಡ್ಡು ಹೋಯಿತು. ಮನೆಯ ಇನ್ಶೂರೆನ್ಸ್ ಕೂಡ ಅವತ್ತಿನಿಂದಲೇ ಇರಬೇಕು. ಸ್ಕಾಟ್ಲೆಂಡಿನಲ್ಲಿ ಇರುವವರು ಇದನ್ನು ನಂಬಿಕೊಳ್ಳಬೇಡಿ, ಅಲ್ಲಿ ಕಾನೂನೂ ಬೇರೆ, ತೆರಿಗೆಯೂ ಬೇರೆ.

ದುಡ್ಡು ಕಳಿಸುವ ಹೊತ್ತಿಗೆ "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ" ಅಂತ ಸಾಲಿಸಿಟರ್ ಹೆಸರಲ್ಲಿ ಇಮೇಲ್ ಬಂದರೆ ಅದು ಕಳ್ಳರದ್ದು ಅಂತಲೇ ತಿಳಿಯಿರಿ. ಆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಶುರುವಿನಲ್ಲಿ ಅಂಚೆಯಲ್ಲಿ ಬಂದ ಕಾಗದದ ಮೇಲಿನ ನಂಬರಿಗೆ ಮಾಡಿ, ಅಕೌಂಟ್ ನಂಬರನ್ನು ಅವರ ಬಾಯಲ್ಲೇ ಹೇಳಿಸಿ.