ಬಸ್ ಸ್ಟ್ಯಾಂಡ್ ಸ್ಕೆಚ್ ಪುಸ್ತಕ: ಆಕಾಶದ ಚುಕ್ಕೆಗಳ ಮೂಲ ಕೊನೆಗೂ ಸಿಕ್ಕಿತು

ಹಾಸನ–ಬೇಲೂರು–ಚಿಕ್ಕಮಗಳೂರು ದಾರಿಯ 40 ಪುಟಗಳ ಜಲವರ್ಣ ಪುಸ್ತಕ 23ನೇ ಪುಟದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮಳೆಮೋಡಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದ ಬೂದು ವಾಶ್ (ನೀರು ನೀರಾದ ಬಣ್ಣದ ತೆಳು ಪದರ) ಎಳೆದ ಕೂಡಲೇ ಆಕಾಶದ ತುಂಬ ರಾಗಿ ಕಾಳಿನಷ್ಟು ಕಪ್ಪು ಚುಕ್ಕೆ. ಅರೆ ಒಣಗಿದ ಬಣ್ಣಕ್ಕೆ ಒದ್ದೆ ಬ್ರಶ್ ತಾಗಿದಾಗ ಬರುವ ಹೂಕೋಸಿನಂಥ ಗುರುತು ಜಲವರ್ಣ ಬರೆಯುವವರಿಗೆಲ್ಲ ಗೊತ್ತು. ಅದರ ಅಂಚು ಗಾಢ, ಒಳಗೆಲ್ಲ ತೆಳು. ಈ ಚುಕ್ಕೆಗಳ ನಡುಭಾಗವೇ ಗಾಢ. ಒದ್ದೆ ಬ್ರಶ್ಶಿನಲ್ಲಿ ಎಷ್ಟು ತಿಕ್ಕಿದರೂ ಏಳುವುದಿಲ್ಲ.

ಮೊದಲ ಅನುಮಾನ ಆಷಾಢದ ಥಂಡಿಯ ಮೇಲೆ: ವಾಶ್ ಒಣಗುವುದು ತಡವಾದ್ದಕ್ಕೇ ಹೀಗೆ ಅಂತ. ಮಳೆಯಿಲ್ಲದ ದಿನ, ಫ್ಯಾನಿನ ಕೆಳಗೆ ಅದೇ ವಾಶ್ ಎಳೆದರೂ ಅದೇ ಚುಕ್ಕೆ. ಎರಡನೆಯ ಅನುಮಾನ ಬಣ್ಣದ ಮೇಲೆ. ಜೇನು ಬೆರೆಸಿದ ಬಣ್ಣ ಮಲೆನಾಡಿನ ಮಳೆಗಾಲದಲ್ಲಿ ಪ್ಯಾನಿನಲ್ಲೇ (ಬಣ್ಣದ ಪುಟ್ಟ ಡಬ್ಬಿ) ಅಂಟಾಗಿ ಕೂರುತ್ತದೆ, ನಿಜ. ಜೇನಿಲ್ಲದ ಟ್ಯೂಬ್ ಬಣ್ಣದಲ್ಲೂ ಚುಕ್ಕೆ ತಪ್ಪಲಿಲ್ಲ. ಬಾವಿ ನೀರು ಬಿಟ್ಟು ಫಿಲ್ಟರ್ ನೀರು ಬಳಸಿದ್ದಾಯಿತು. ಊಹೂಂ.

ಉತ್ತರ ಹೇಳಿದ್ದು ಬರೀ ನೀರಿನ ಹನಿ. ಬೇಸಿಗೆಯಿಂದ ಜಿಪ್‌ಲಾಕ್ ಚೀಲದಲ್ಲಿದ್ದ ಹಾಳೆ ಒಂದು, ಕಪಾಟಿನಲ್ಲಿ ತೆರೆದೇ ಇದ್ದ, ಅದೇ ಬಗೆಯ ಹೊಸ ಪ್ಯಾಡಿನ ಹಾಳೆ ಇನ್ನೊಂದು. ಎರಡರ ಮೇಲೂ ಒಂದೊಂದು ಹನಿ ಬಿಟ್ಟರೆ ಮೊದಲನೆಯದರಲ್ಲಿ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ಕೂತಿತು. ಎರಡನೆಯದರಲ್ಲಿ ಕೆಲವೇ ಸೆಕೆಂಡಿನಲ್ಲಿ ಇಂಗಿತು. ಆ ಎರಡನೆಯದನ್ನು ಪೂರ್ತಿ ಒದ್ದೆ ಮಾಡಿ ಬೆಳಕಿಗೆ ಹಿಡಿದಾಗ ನೀರು ಕುಡಿದ ಜಾಗಗಳೆಲ್ಲ ಚುಕ್ಕೆಚುಕ್ಕೆಯಾಗಿ ಕಂಡವು. ಕಾಗದದ ಸೈಜಿಂಗ್, ಅಂದರೆ ನೀರು ಹೀರದಂತೆ ತಡೆಯುವ ಲೇಪ, ಸತ್ತಿದೆ. ಹತ್ತಿಯ ನಾರು ಸಹಜವಾಗಿ ಒತ್ತುಕಾಗದದಂತೆ ನೀರು ಹೀರುತ್ತದೆ. ಅದನ್ನು ತಡೆಯುವುದು ಮೇಲೆ ಲೇಪಿಸಿದ ಜೆಲಟಿನ್. ತೇವದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೂಷ್ಟು ಜೆಲಟಿನ್ನನ್ನು ಅಲ್ಲಲ್ಲಿ ತಿಂದುಹಾಕುತ್ತದೆ, ತಿಂದ ಜಾಗದಲ್ಲಿ ಬಣ್ಣ ಆಳಕ್ಕೆ ಇಳಿಯುತ್ತದೆ. ಒಣ ಹಾಳೆಯಲ್ಲಿ ಏನೂ ಕಾಣುವುದಿಲ್ಲ, ಅದೇ ಮೋಸ.

ಈ ಪುಸ್ತಕಕ್ಕೆ ಇದು ದೊಡ್ಡ ಪೆಟ್ಟು. ಬೇಲೂರಿನ ಚೆನ್ನಕೇಶವ 1117ರಿಂದ ಅಲ್ಲೇ ನಿಂತಿದ್ದಾನೆ, ಇವತ್ತು ಕೆಟ್ಟರೆ ನಾಳೆ ಮತ್ತೆ ಬರೆಯಬಹುದು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಎಸೆದ ಒದ್ದೆ ಕರ್ಚೀಫು, ಗೋಡೆಗೆ ಒರಗಿಸಿದ ಗೊರಬೆ (ಮಳೆಗೆ ತಲೆ-ಬೆನ್ನು ಮುಚ್ಚುವ ಮಲೆನಾಡಿನ ಹೊದಿಕೆ), ಮಡಿಸಿದ ಕೊಡೆಯ ತುದಿಯಿಂದ ಸಿಮೆಂಟ್ ನೆಲದ ಮೇಲೆ ಬೆಳೆಯುವ ನೀರಿನ ಗುರುತು, ಇವಕ್ಕೆ ಸಿಗುವುದು ಕಂಡಕ್ಟರ್ ಸೀಟಿ ಊದುವವರೆಗಿನ ಹತ್ತು ನಿಮಿಷ. ಒಂದೇ ವಾಶ್, ಹೆಚ್ಚೆಂದರೆ ಎರಡು. ಪ್ರಯಾಣದಲ್ಲಿ ಬರೆಯಲು ಯೋಗ್ಯವಾದದ್ದು ಮುಕ್ಕಾಲು ಪಾಲು ಈ ಕಾಯುವ ಹೊತ್ತಿನಲ್ಲೇ ಇದೆ. ಅದಕ್ಕೆ ಕಾಗದ ಕೈಕೊಡಬಾರದು.

ರಿಪೇರಿ ಹೀಗೆ. ಸಿಹಿ, ಪರಿಮಳ ಇಲ್ಲದ ಜೆಲಟಿನ್ 2 ಗ್ರಾಂ, ತಣ್ಣೀರು 100 ಎಂಎಲ್. ಹತ್ತು ನಿಮಿಷ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 50–60 ಡಿಗ್ರಿಗೆ ಕರಗಿಸಬೇಕು. ಕುದಿಸಿದರೆ ಅದರ ಕಟ್ಟುವ ಶಕ್ತಿ ಇಳಿಯುತ್ತದೆ. ಬೆಚ್ಚಗಿರುವಾಗಲೇ ಅಗಲ ಬ್ರಶ್ಶಿನಲ್ಲಿ ಒಂದೇ ದಿಕ್ಕಿಗೆ ಹಚ್ಚಿ. ಆರಿದರೆ ಗಂಜಿಯ ಕೆನೆಯಂತೆ ಕಟ್ಟಿ ಗೆರೆ ಬೀಳುತ್ತದೆ. ಎ4 ಹಾಳೆಗೆ ಎರಡೂ ಬದಿ ಸೇರಿ ಸುಮಾರು 15 ಎಂಎಲ್ ಸಾಕು. 4 ಗ್ರಾಂ ಹಾಕಿ ನೋಡಿದ ಹಾಳೆಯಲ್ಲಿ ಬಣ್ಣ ಹಿಡಿಯದೆ ಜಾರಿತು. ಕೆಲವರು ಪಟಿಕ ಸೇರಿಸುತ್ತಾರೆ; ಅದರ ಆಮ್ಲ ಕಾಗದಕ್ಕೆ ಒಳ್ಳೆಯದಲ್ಲ, ಇಲ್ಲಿ ಬಿಡಲಾಗಿದೆ. ಹೊಸ ಜೆಲಟಿನ್ನೂ ಬೂಷ್ಟಿಗೆ ಊಟವೇ, ಹಾಗಾಗಿ ಆ ತಿಂಗಳು ಬಳಸುವಷ್ಟೇ ಹಾಳೆಗೆ ಹಚ್ಚುವುದು ಮೇಲು. ಉಳಿದವು ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮಣಿಗಳ ಜೊತೆ ಜಿಪ್‌ಲಾಕ್‌ನಲ್ಲಿ. ಮಣಿ ತೇವ ಕುಡಿದು ಹಸಿರಾದರೆ ಒಣಗಿಸಲು ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ.

ಪ್ಯಾಡ್ ಮಾರಿದವರ ಮೇಲೆ ಸಿಟ್ಟು ಇನ್ನೂ ಆರಿಲ್ಲ. ಹರಿದ ಪ್ಲಾಸ್ಟಿಕ್‌ನಲ್ಲಿ, ಜುಲೈ ಮಳೆಯಲ್ಲಿ ಬಂದ ಪಾರ್ಸೆಲ್. ಫೋಟೋ ಕಳಿಸಿ ಕೇಳಿದರೆ "ನಿಮ್ಮ ಬಣ್ಣ ಸರಿಯಿಲ್ಲ" ಎಂಬ ಉತ್ತರ. ತಯಾರಾದ ತಿಂಗಳು ಎಲ್ಲೂ ಅಚ್ಚಾಗಿಲ್ಲ. ಕಾಗದವನ್ನು ಫೆಬ್ರವರಿಯಲ್ಲೇ ಕೊಂಡು, ಬಂದ ದಿನವೇ ಒಂದು ಮೂಲೆಗೆ ಹನಿ ಬಿಟ್ಟು ನೋಡಿ.

ಹಾಳಾದ 6 ಹಾಳೆಗಳನ್ನು ಎಸೆದಿಲ್ಲ, ಮುಂದಿನ ಕೆಲಸಕ್ಕೆ ಬೇಕು: ಚೊಗರಿನ ಮಸಿ. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿಗೆ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಹಾಕಿದರೆ ಹಸಿರು ಛಾಯೆಯ ಕಪ್ಪು, ಅಳಲೆಕಾಯಿ ಕಷಾಯಕ್ಕೆ ಹಾಕಿದರೆ ನೀಲಿ ಛಾಯೆಯ ಕಪ್ಪು. ಒದ್ದೆ ಕಂಬಳಿಗೆ ಮೊದಲನೆಯದು, ಮೋಡಕ್ಕೆ ಎರಡನೆಯದು ಒಪ್ಪುತ್ತದೆ. ಅನ್ನಭೇದಿ ಹೆಚ್ಚಾದರೆ ವರ್ಷಗಳಲ್ಲಿ ಮಸಿಯೇ ಕಾಗದವನ್ನು ತಿನ್ನುತ್ತದೆ, ಅಳತೆ ಸಿಗುವವರೆಗೆ ಪ್ರಯೋಗವೆಲ್ಲ ಈ ಸತ್ತ ಹಾಳೆಗಳ ಮೇಲೆ. ಅಡಿಕೆ ಸುಗ್ಗಿಗೆ ಇನ್ನೂ ಸಮಯವಿದೆ. ಸದ್ಯಕ್ಕೆ ಕಾಲು ಕೆಜಿ ಅಳಲೆಕಾಯಿ ಜಜ್ಜಿ ನೆನೆಹಾಕಿದೆ.