ತಟ್ಟೆಯಲ್ಲಿ ಉಳಿದದ್ದು ಮಂಜೊಟ್ಟಿ ಮಾತ್ರ

ನಮ್ಮ ಬಿಎಸ್ಸಿ ಮಕ್ಕಳ ಹತ್ರ ಆಂಟಿಬಯಾಟಿಕ್ ರೆಸಿಸ್ಟೆನ್ಸ್, ಅಂದ್ರೆ ಔಷಧ ಕೊಟ್ಟರೂ ಬ್ಯಾಕ್ಟೀರಿಯಾ ಸಾಯದೆ ಉಳಿಯೋದರ ಬಗ್ಗೆ ಕೇಳಿದ್ರೆ ಉತ್ತರ ಬಾಯಲ್ಲೇ ಉಂಟು. ಬೀಟಾ ಲ್ಯಾಕ್ಟಮೇಸ್, ಎಫ್ಲಕ್ಸ್ ಪಂಪ್, ಪ್ಲಾಸ್ಮಿಡ್, ಹೀಗೆ ಅವು ಉಳಿಯುವ ದಾರಿಯೆಲ್ಲ ಸರಿಯಾಗಿಯೇ ಬರೀತಾರೆ. ಆದ್ರೆ ಅದೇ ಮಕ್ಕಳು ವರಾಂಡದಲ್ಲಿ ಮಾತಾಡುವಾಗ "ಮಾತ್ರೆ ತಿಂದು ತಿಂದು ಬ್ಯಾಕ್ಟೀರಿಯಾಕ್ಕೆ ಅಭ್ಯಾಸ ಆಗಿಬಿಡ್ತದಲ್ವಾ ಟೀಚರ್" ಅಂತಾರೆ. ಈ 'ಅಭ್ಯಾಸ' ಹೋಗದೆ ಉಳಿದದ್ದೆಲ್ಲ ಓದಿ ಪ್ರಯೋಜನ ಇಲ್ಲ ಅಂತ ನನಗೆ ಬಹಳ ಕಾಲದಿಂದ ಅನಿಸ್ತಿತ್ತು, ಹಾಗೆ ಈ ಸಲ ನೋಟ್ಸ್ ಬದಿಗಿಟ್ಟು ಲ್ಯಾಬಿನ ಮೇಜಿನ ಮೇಲೆ ಸ್ಟೀಲಿನ ತಟ್ಟೆ ಇಟ್ಟೆ.

ಒಂದೊಂದು ಗುಂಪಿಗೆ ಒಂದು ತಟ್ಟೆ, ಅದ್ರಲ್ಲಿ 12 ಹೆಸರುಕಾಳು, 6 ಕಡಲೆ, 2 ಮಂಜೊಟ್ಟಿ (ಕೆಂಪು ಬಣ್ಣದ ಗಟ್ಟಿ ಬೀಜ). ಹೆಸರುಕಾಳು ಬೇಗ ಸಾಯುವ ಬ್ಯಾಕ್ಟೀರಿಯಾ, ಕಡಲೆ ಸ್ವಲ್ಪ ಗಟ್ಟಿ, ಮಂಜೊಟ್ಟಿ ಎಲ್ಲಕ್ಕಿಂತ ಗಟ್ಟಿ. ದಾಳ ಹಾಕ್ಬೇಕು, 1 ಅಥವಾ 2 ಬಿದ್ರೆ ಮಾತ್ರೆ ಮರೆತುಹೋಯ್ತು ಅಂತ ಲೆಕ್ಕ, ಉಳಿದ ಯಾವುದು ಬಿದ್ರೂ ಡೋಸ್ ತಗೊಂಡ ಹಾಗೆ, ಆಗ ಐದು ಕಾಳು ತೆಗೀಬೇಕು, ಮೊದಲು ಹೆಸರು, ಅದು ಮುಗಿದ ಮೇಲೆ ಕಡಲೆ, ಕೊನೆಗೆ ಮಂಜೊಟ್ಟಿ. ಪ್ರತಿ ಸುತ್ತಿನ ಕೊನೆಗೆ ತಟ್ಟೆಯಲ್ಲಿ ಯಾವ ಜಾತಿ ಉಳಿದಿದೆಯೋ ಅದಕ್ಕೆ ಒಂದೊಂದು ಮರಿ ಸೇರಿಸ್ಬೇಕು.

ಕಿಟಕಿ ಪಕ್ಕದ ಗುಂಪಿಗೆ ಒಂದು ಡೋಸೂ ತಪ್ಪಲಿಲ್ಲ. ಐದನೇ ಸುತ್ತು ಮುಗಿಯುವಾಗ ತಟ್ಟೆಯಲ್ಲಿ ಆರೇ ಆರು ಕಾಳು, ಆರೂ ಮಂಜೊಟ್ಟಿ. "ಈಗ ಜ್ವರ ಬಿಟ್ಟಿದೆ, ಮಾತ್ರೆ ನಿಲ್ಲಿಸಿ, ತಟ್ಟೆ ಪುನಃ ಇಪ್ಪತ್ತಕ್ಕೆ ತುಂಬಿಸಿ" ಅಂದೆ. ತುಂಬಿಸಿದ್ರು, ತಟ್ಟೆಯಿಡೀ ಕೆಂಪು. "ಇದ್ರಲ್ಲಿ ಅಭ್ಯಾಸ ಆದ ಕಾಳು ಯಾವುದು ತೋರಿಸಿ" ಅಂತ ಕೇಳಿದೆ. ಪೆರ್ಲದ ಹುಡುಗಿಯೊಬ್ಬಳು ಒಂದು ಮಂಜೊಟ್ಟಿ ಕೈಯಲ್ಲಿ ಹಿಡ್ಕೊಂಡು ತುಂಬಾ ಹೊತ್ತು ನೋಡಿ "ಯಾವ್ದೂ ಇಲ್ಲ ಟೀಚರ್, ಇದು ಮೊದಲೇ ಇತ್ತು" ಅಂದ್ಲು. ನನಗೆ ಬೇಕಾದದ್ದು ಅದೇ.

ಆಗ ವಿಜ್ಞಾನಿಗಳಾದ ಲೆಡರ್‌ಬರ್ಗ್ ದಂಪತಿಯ 1952ರ ಪ್ರಯೋಗ ಹೇಳಿದೆ. ಬ್ಯಾಕ್ಟೀರಿಯಾ ಬೆಳೆದ ಪ್ಲೇಟಿನ ಮೇಲೆ ವೆಲ್ವೆಟ್ ಬಟ್ಟೆ ಒತ್ತಿ, ಅದೇ ಅಚ್ಚನ್ನು ಔಷಧ ಇರುವ ಪ್ಲೇಟಿಗೆ ಒತ್ತಿದ್ರು, ಔಷಧವನ್ನು ಕಾಣದೇ ಇದ್ದ ಮೊದಲಿನ ಪ್ಲೇಟಿನಲ್ಲೇ ನಿರೋಧ ಇರುವವು ಇದ್ದವು ಅಂತ ಸಾಬೀತಾಯ್ತು. ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ವಿಷಯ ಇದು, ಕಾಳು ಕೈಯಲ್ಲಿ ಇರುವಾಗ ಹೇಳಿದ್ರೆ ಬೇರೆಯೇ ತೂಕ.

ಹಿಂದಿನ ಬೆಂಚಿನಿಂದ ಒಳ್ಳೆ ಪ್ರಶ್ನೆ ಬಂತು, "ಹಾಗಾದ್ರೆ ಕೋರ್ಸ್ ಮುಗಿಸಿದ್ರೆ ಎಲ್ಲ ಸರಿಯಾಗ್ತದಾ?" ಇದಕ್ಕೆ ಹೌದು ಅಂತ ಸುಲಭಕ್ಕೆ ಹೇಳ್ಬಾರ್ದು. ಪಕ್ಕದಲ್ಲಿ ಇನ್ನೊಂದು ಬಟ್ಟಲು ಇಟ್ಟು ಇದು ನಿಮ್ಮ ಕರುಳು ಅಂದೆ. ಅಲ್ಲಿರುವ ಬ್ಯಾಕ್ಟೀರಿಯಾ ಏನೂ ತೊಂದ್ರೆ ಮಾಡಿದ್ದಲ್ಲ, ಆದ್ರೂ ಮಾತ್ರೆ ಅಲ್ಲಿಗೂ ಹೋಗ್ತದೆ, ದಿನ ಹೆಚ್ಚಾದಷ್ಟು ಅಲ್ಲಿಯೂ ಮಂಜೊಟ್ಟಿಯೇ ಉಳಿಯೋದು. 2017ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ಚರ್ಚೆ ಬಂದಿತ್ತು. ಟಿಬಿಗೆ ತಿಂಗಳುಗಟ್ಟಲೆ ಪೂರ್ತಿ ತಗೊಳ್ಳಲೇಬೇಕು, ಬೇರೆ ಕೆಲವು ಕಾಯಿಲೆಗೆ ಕಮ್ಮಿ ದಿನವೂ ಸಾಕಾಗ್ತದೆ, ಅದನ್ನು ಡಾಕ್ಟ್ರು ಹೇಳ್ಬೇಕು. ನಾವಾಗಿ ನಿಲ್ಲಿಸೋದು ಎಷ್ಟು ತಪ್ಪೋ ವೈರಲ್ ಜ್ವರಕ್ಕೆ ನಾವಾಗಿ ಶುರು ಮಾಡೋದು ಅದಕ್ಕಿಂತ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ.

ಪ್ಲಾಸ್ಮಿಡ್ ಅಂದ್ರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುವ ಡಿಎನ್‌ಎ ತುಂಡು, ಅದಕ್ಕೆ ಚೀಟಿ. ಒಬ್ಬನ ಕೈಗೆ ಬರೆದ ಚೀಟಿ ಕೊಟ್ಟೆ, ಸಿಕ್ಕಿದವ ಅದನ್ನು ನಕಲು ಮಾಡಿ ಪಕ್ಕದವರಿಗೆ ಕೊಡ್ಬೇಕು, ಆದ್ರೆ ತನ್ನದನ್ನು ಬಿಡ್ಬಾರ್ದು. ಸ್ವಲ್ಪ ಹೊತ್ತಲ್ಲೇ ಇಡೀ ಕ್ಲಾಸಿನ ಕೈಯಲ್ಲಿ ಚೀಟಿ. ಕೊಟ್ಟವನದ್ದು ಕಮ್ಮಿ ಆಗೋದಿಲ್ಲ ಅನ್ನೋದು ಆಗ ಗೊತ್ತಾಯ್ತು.

ಮನೆಯಲ್ಲಿರುವ ಹಳೆ ಮಾತ್ರೆ ಸ್ಟ್ರಿಪ್ ತರ್ಲಿಕ್ಕೆ ಮೊದಲೇ ಹೇಳಿದ್ದೆ. ಡಾಕ್ಟರ ಚೀಟಿ ಇಲ್ಲದೆ ತಗೊಳ್ಬಾರ್ದು ಅಂತ ತೋರಿಸುವ ಕೆಂಪು ಗೆರೆ ಹುಡುಕಿದ್ರು. ಮೂರು ಮಾತ್ರೆಯ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಸ್ಟ್ರಿಪ್ಪಿನಲ್ಲಿ ಒಂದು ಉಳಿದದ್ದು ಹಲವರ ಮನೆಯಲ್ಲಿತ್ತು. ಕೇರಳದಲ್ಲಿ 2024ರಿಂದ ಆಪರೇಷನ್ ಅಮೃತ್ ಅಂತ, ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರ್ತಾರಾ ನೋಡ್ಲಿಕ್ಕೆ ಮೆಡಿಕಲ್ ಶಾಪುಗಳ ತಪಾಸಣೆ ಉಂಟು ಅಂದಾಗ ಮಂಜೇಶ್ವರದ ಹುಡುಗ ಎದ್ದು "ಇಲ್ಲಿ ಡಾಕ್ಟರ ಚೀಟಿ ಕೇಳಿದ್ರೆ ಜನ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗ್ತಾರೆ ಟೀಚರ್" ಅಂದ. ಡಾಕ್ಟರ ಚೀಟಿ ಬೇಕು ಅನ್ನುವ ಕಾನೂನು ಇಡೀ ದೇಶಕ್ಕೆ ಒಂದೇ, ತಲಪಾಡಿಯ ಆಚೆಗೂ ಅದೇ, ಅದನ್ನು ಗಟ್ಟಿಯಾಗಿಯೇ ಹೇಳಿದೆ. ಇನ್ನೊಬ್ಬಳಿಗೆ ಮನೆಯ ದನದ ಚಿಂತೆ, ಕೆಚ್ಚಲು ಬಾವಿಗೆ ಔಷಧ ಕೊಟ್ಟ ಮೇಲೆ ಹಾಲು ಸೊಸೈಟಿಗೆ ಕೊಡ್ಬಹುದಾ ಅಂತ. ಔಷಧದ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಕೊಡ್ಬಾರ್ದು ಅಂದೆ, ಕೋಳಿ ದನಗಳಿಗೆ ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕ್ ಕೊಡೋದನ್ನು ನಮ್ಮ ದೇಶ 2019ರಲ್ಲೇ ನಿಷೇಧಿಸಿದ್ದನ್ನೂ ಹೇಳಿದೆ.

ನವೆಂಬರ್ 18ರಿಂದ 24ರವರೆಗಿನ ಈ ರೆಸಿಸ್ಟೆನ್ಸ್ ಬಗೆಗಿನ ಜಾಗೃತಿ ವಾರದಲ್ಲಿ ಮಕ್ಕಳು ಇದನ್ನೇ ಹೆಂಗಸರ ಸ್ವಸಹಾಯ ಗುಂಪು ಕುಟುಂಬಶ್ರೀಯ ಸಭೆಗೆ ತಗೊಂಡು ಹೋಗ್ತಾರಂತೆ. ಆಟದ ನಿಯಮ ಕನ್ನಡ, ತುಳು, ಮಲಯಾಳದಲ್ಲಿ ಬರೆದಾಗಿದೆ. ಕರುಳಿನ ಬಟ್ಟಲು ಬೇಡ, ಹೊತ್ತು ಸಾಕಾಗ್ಲಿಕ್ಕಿಲ್ಲ ಅಂತ ಅವರ ವಾದ, ಅದು ಬೇಕೇ ಬೇಕು ಅಂತ ನನ್ನದು.